ಅದೃಶ್ಯ ಬೆಳಕಿನ ಭೂದೃಶ್ಯ: ಅವಕೆಂಪು ಛಾಯಾಗ್ರಹಣ ಮತ್ತು ವ್ಯೂ ಕ್ಯಾಮರಾ

ಛಾಯಾಚಿತ್ರವನ್ನು ಕಂಡದ್ದರ ದಾಖಲೆಯೆಂದು ಪರಿಗಣಿಸುವುದು ವಾಡಿಕೆ. ಹಾಗಾದರೆ ಯಾವ ಕಣ್ಣಿಗೂ ಕಾಣದ ಬೆಳಕಿನಲ್ಲಿ ಮೂಡಿದ ಚಿತ್ರವು ಯಾವುದರ ದಾಖಲೆ? ಅವಕೆಂಪು ಭೂದೃಶ್ಯ ಛಾಯಾಗ್ರಹಣದ ಶತಮಾನ ಮೀರಿದ ಇತಿಹಾಸದುದ್ದಕ್ಕೂ ಈ ಪ್ರಶ್ನೆ ಉಳಿದುಬಂದಿದೆ. ದೊಡ್ಡ ಅಳತೆಯ ವ್ಯೂ ಕ್ಯಾಮರಾದಲ್ಲಿ ಫಿಲ್ಮಿನ ಸ್ಥಾನವನ್ನು ಡಿಜಿಟಲ್ ಸಂವೇದಕವು ಪಡೆದ ಸಂದರ್ಭವು ಅದಕ್ಕೆ ಉತ್ತರಿಸಲು ಹೊಸ ಆಧಾರಗಳನ್ನು ಒದಗಿಸುತ್ತದೆ.

1800ರಲ್ಲಿ ವಿಲಿಯಂ ಹರ್ಷಲ್, ಬಿಸಿಲಿನ ವರ್ಣಪಟಲದಲ್ಲಿ ಕೆಂಪಿನ ಆಚೆಗೆ ಇರಿಸಿದ ಉಷ್ಣಮಾಪಕವು ಏರುವುದನ್ನು ಗಮನಿಸಿ ಕಾಣದ ಕಿರಣಗಳ ಅಸ್ತಿತ್ವವನ್ನು ತೋರಿಸಿದನು. ಆದರೆ ಆರಂಭಕಾಲದ ಛಾಯಾಗ್ರಹಣ ಲೇಪಗಳು ಮುಖ್ಯವಾಗಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದವು. ಲೇಪಕ್ಕೆ ವರ್ಣದ್ರವ್ಯ ಸೇರಿಸಿದರೆ ಅದರ ಸಂವೇದನೆಯು ದೀರ್ಘ ತರಂಗಗಳ ಕಡೆಗೆ ವಿಸ್ತರಿಸುತ್ತದೆಂಬುದನ್ನು 1873ರಲ್ಲಿ ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಕಂಡುಕೊಂಡ ಮೇಲೆ ದಾರಿ ತೆರೆಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ ತೆಗೆದ ಅವಕೆಂಪು ಭೂದೃಶ್ಯಗಳು 1910ರಲ್ಲಿ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಗೊಂಡವು. ಅವುಗಳಲ್ಲಿ ಮರಗಳು ಹಿಮ ಹೊದ್ದಂತೆ ಬೆಳ್ಳಗಿದ್ದು, ಆಕಾಶ ಕಪ್ಪಾಗಿತ್ತು. ಎಲೆಗಳ ಈ ಬಿಳುಪಿಗೆ ಮುಂದೆ ‘ವುಡ್ ಪರಿಣಾಮ’ವೆಂಬ ಹೆಸರೇ ನಿಂತಿತು.

ಈ ಬಿಳುಪು ಎಲೆಯ ಶಾಖದ ಚಿತ್ರವೆಂಬ ತಿಳಿವಳಿಕೆ ಸರಿಯಲ್ಲ. ಇಲ್ಲಿ ಬಳಕೆಯಾಗುವುದು ಸುಮಾರು 700ರಿಂದ 900 ನ್ಯಾನೋಮೀಟರ್ ವರೆಗಿನ, ಪ್ರತಿಫಲಿತವಾದ ಬಿಸಿಲು. ಪತ್ರಹರಿತ್ತು ಈ ಕಿರಣಗಳನ್ನು ಹೀರುವುದಿಲ್ಲ. ಎಲೆಯೊಳಗಿನ ಕೋಶಭಿತ್ತಿಗಳೂ ಅವುಗಳ ನಡುವಿನ ಗಾಳಿಯ ಎಡೆಗಳೂ ಅವನ್ನು ಚದುರಿಸಿ ಹಿಂದಿರುಗಿಸುತ್ತವೆ. ವಾಯುಮಂಡಲವು ದೀರ್ಘ ತರಂಗಗಳನ್ನು ಕಡಿಮೆ ಚದುರಿಸುವುದರಿಂದ ನಿರಭ್ರ ಆಕಾಶವು ಕಪ್ಪಾಗುತ್ತದೆ. ಎಲೆಯ ಈ ಗುಣವೇ ಎರಡನೆಯ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದ ಮರೆವೇಷವನ್ನು ನಿಜವಾದ ಹಸಿರಿನಿಂದ ಬೇರ್ಪಡಿಸಲು ಒದಗಿತು. 1970ರ ಸುಮಾರಿಗೆ ಪಿ. ಆರ್. ಪಿಶಾರೋಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ಬೇರುರೋಗವನ್ನು ಗುರುತಿಸಲು ಆಕಾಶದಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದದ್ದು ಭಾರತದ ದೂರಸಂವೇದಿ ಅಧ್ಯಯನದ ಆರಂಭಗಳಲ್ಲೊಂದು.

ಕಲಾಕ್ಷೇತ್ರದಲ್ಲಿ ಕೊಡ್ಯಾಕ್ ಸಂಸ್ಥೆಯ ಅತಿವೇಗದ ಅವಕೆಂಪು ಫಿಲ್ಮು ಒಂದು ಶೈಲಿಯನ್ನೇ ರೂಪಿಸಿತು. ಎಲೆಗಳ ಸುತ್ತ ಹರಡುವ ಮಂಜಿನಂಥ ಪ್ರಭೆ ಅದರ ಲಕ್ಷಣ. ಅನೇಕರು ಇದನ್ನು ಅವಕೆಂಪು ಬೆಳಕಿನ ಸ್ವಭಾವವೆಂದೇ ಭಾವಿಸಿದರು. ವಾಸ್ತವದಲ್ಲಿ ಆ ಫಿಲ್ಮಿನಲ್ಲಿ ಪ್ರತಿಫಲನವನ್ನು ತಡೆಯುವ ಹಿಂಲೇಪವಿರಲಿಲ್ಲ. ಬೆಳಕು ಹಿಂದಿನಿಂದ ಮರಳಿ ಬಂದು ಲೇಪದಲ್ಲಿ ಹರಡುತ್ತಿತ್ತು. 2007ರಲ್ಲಿ ಆ ಫಿಲ್ಮು ನಿಂತುಹೋಯಿತು. ಡಿಜಿಟಲ್ ಸಂವೇದಕದಲ್ಲಿ ಎಲೆ ಬೆಳ್ಳಗೆಯೇ ಉಳಿಯಿತು, ಆ ಪ್ರಭೆ ಮಾತ್ರ ಮರೆಯಾಯಿತು. ಕಿರಣದ ಗುಣ ಯಾವುದು, ಮಾಧ್ಯಮದ ಗುಣ ಯಾವುದು ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಸಿಲಿಕಾನ್ ಸಂವೇದಕವು ಸುಮಾರು 1100 ನ್ಯಾನೋಮೀಟರ್ ವರೆಗೂ ಸ್ಪಂದಿಸುತ್ತದೆ. ಸಾಮಾನ್ಯ ಕ್ಯಾಮರಾಗಳಲ್ಲಿ ಅದರ ಮುಂದೆ ಅವಕೆಂಪನ್ನು ತಡೆಯುವ ಗಾಜು ಇರುತ್ತದೆ. 1990ರ ದಶಕದಲ್ಲಿ ವ್ಯೂ ಕ್ಯಾಮರಾಕ್ಕೆ ಅಳವಡಿಸಬಹುದಾದ ಸ್ಕ್ಯಾನಿಂಗ್ ಬ್ಯಾಕ್‌ಗಳು ಬಂದವು. ಇವುಗಳಲ್ಲಿ ಈ ತಡೆಗಾಜನ್ನು ಪ್ರತ್ಯೇಕವಾಗಿ ಬಳಸುವ ಕಡೆ, ಅದನ್ನು ತೆಗೆದು ಗೋಚರ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿದರೆ ಅವಕೆಂಪು ಚಿತ್ರ ದೊರೆಯುತ್ತದೆ. ಬೆಟರ್ ಲೈಟ್ ಸಂಸ್ಥೆಯ ಒಂದು ಮಾದರಿಯಲ್ಲಿ ಸಂವೇದಕದ ಸಾಲುಗಳು 72×96 ಮಿಲಿಮೀಟರ್ ಕ್ಷೇತ್ರವನ್ನು ಕ್ರಮಿಸಿ 6000×8000 ಬಿಂದುಗಳನ್ನು ದಾಖಲಿಸುತ್ತಿದ್ದವು. ಸಾಲೊಂದಕ್ಕೆ ಸೆಕೆಂಡಿನ 60ನೆಯ ಒಂದು ಭಾಗವೆಂದರೂ ಒಂದು ಚಿತ್ರಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಆ ಅವಧಿಯಲ್ಲಿ ಗಾಳಿಗೆ ಅಲುಗಿದ ಕೊಂಬೆ ಅಂಕುಡೊಂಕಾಗುತ್ತದೆ. ಮೋಡದ ಆಕಾರ ಬದಲಾಗುತ್ತದೆ. ಅಂದರೆ ಚಿತ್ರದ ಎರಡು ಅಂಚುಗಳು ಎರಡು ಬೇರೆ ಕ್ಷಣಗಳಿಗೆ ಸೇರಿರುತ್ತವೆ.

ವ್ಯೂ ಕ್ಯಾಮರಾದ ರಚನೆಯೂ ತನ್ನದೇ ತೊಡಕುಗಳನ್ನು ಒಡ್ಡುತ್ತದೆ. ಕಪ್ಪು ಫಿಲ್ಟರ್ ಹಾಕಿದೊಡನೆ ಹಿಂಬದಿಯ ಮಸುಕು ಗಾಜಿನ ಮೇಲೆ ಏನೂ ಕಾಣದು; ಅವಕೆಂಪು ಕಿರಣಗಳು ಕೇಂದ್ರೀಕರಿಸುವ ತಲವೂ ಬೇರೆ. ಮಸೂರದ ರಂಧ್ರವನ್ನು ಕಿರಿದುಗೊಳಿಸುವುದು ಇದಕ್ಕೆ ಹಳೆಯ ಪರಿಹಾರ. ಆದರೆ ಎಫ್/22ರಲ್ಲಿ 800 ನ್ಯಾನೋಮೀಟರ್ ಬೆಳಕಿನ ವಿವರ್ತನ ಬಿಂಬದ ವ್ಯಾಸ ಸುಮಾರು 43 ಮೈಕ್ರೋಮೀಟರ್. ಮೇಲೆ ಹೇಳಿದ ಸಂವೇದಕದ ಬಿಂದುಗಳ ಅಂತರ ಕೇವಲ 12. ಹೀಗೆ ಫಿಲ್ಮಿನ ಕಾಲದ ಪರಿಹಾರವೇ ಸಂವೇದಕದ ಸೂಕ್ಷ್ಮತೆಯನ್ನು ಕುಗ್ಗಿಸುತ್ತದೆ. ಪರೀಕ್ಷಾ ಚಿತ್ರವನ್ನು ಸ್ಥಳದಲ್ಲಿಯೇ ನೋಡಿ ತಿದ್ದಿಕೊಳ್ಳುವ ಸೌಲಭ್ಯವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ.

ಅವಕೆಂಪಿಗೆ ನೋಡುಗನ ಕಣ್ಣಿನಲ್ಲಿ ಬಣ್ಣವಿಲ್ಲ. ಆದ್ದರಿಂದ ಮುದ್ರಣದ ಕಪ್ಪು ಬಿಳುಪುಗಳೂ, ಬದಲಿಯಾಗಿ ತುಂಬಿದ ಕೆಂಪು ಗುಲಾಬಿಗಳೂ ಒಂದು ಬಗೆಯ ಅನುವಾದಗಳೇ. ಅನುವಾದವೆಂದಾಕ್ಷಣ ಅದು ಸುಳ್ಳಾಗುವುದಿಲ್ಲ. ಅದರ ನಿಯಮ ತಿಳಿದಿರಬೇಕು. ಮೌಖಿಕ ಹಾಡನ್ನು ಸಂಗ್ರಹಿಸುವಾಗ ಪಠ್ಯದೊಡನೆ ಹಾಡಿದವರು, ಸಂದರ್ಭ ಹಾಗೂ ಧಾಟಿಗಳನ್ನು ದಾಖಲಿಸದಿದ್ದರೆ ಪಠ್ಯದ ಅರ್ಧ ಅರ್ಥ ಕಳೆದುಹೋಗುತ್ತದೆ. ಅಂತೆಯೇ ಈ ಚಿತ್ರಗಳನ್ನು ಕಾಪಿಡುವ ಗ್ರಂಥಾಲಯಗಳು ಫಿಲ್ಟರಿನ ತರಂಗಮಿತಿ, ಮಾಧ್ಯಮ, ಸ್ಕ್ಯಾನಿನ ಅವಧಿ, ಬಣ್ಣ ತುಂಬಿದ ಕ್ರಮ ಇವುಗಳನ್ನು ಚಿತ್ರದೊಡನೆಯೇ ಉಳಿಸಬೇಕಾಗುತ್ತದೆ. ಇಲ್ಲವಾದರೆ ಫಿಲ್ಮಿನ ಕೊರತೆಯೊಂದನ್ನು ಬೆಳಕಿನ ಸ್ವಭಾವವೆಂದು ಓದಿದಂತೆಯೇ, ಬಿಸಿಲಿನ ಬೇಸಿಗೆಯನ್ನು ಹಿಮದ ಮುಂಜಾವೆಂದು ಓದುವ ಪ್ರಮಾದ ಮುಂದಿನ ಸಂಶೋಧಕರಿಗೂ ಒದಗೀತು.