ಎರಡು ವಾಕ್ಯ, ಒಂದು ಜೈಕಾರ

1948ರ ನವೆಂಬರ್ 29. ದೆಹಲಿಯ ಸಂವಿಧಾನ ಸಭೆಯಲ್ಲಿ ಅಂದು ಕರಡಿನ 11ನೇ ವಿಧಿ ಚರ್ಚೆಗೆ ಬಂತು. 'ಅಸ್ಪೃಶ್ಯತೆ' ರದ್ದು, ಯಾವ ರೂಪದಲ್ಲೂ ಅದರ ಆಚರಣೆ ಕೂಡದು. ಅದರ ಹೆಸರಲ್ಲಿ ಯಾರನ್ನಾದರೂ ತಡೆದರೆ ಶಿಕ್ಷೆ. ಕೇರಿಯನ್ನು ಶತಮಾನಗಟ್ಟಲೆ ಊರಾಚೆ ಇಟ್ಟ ವ್ಯವಸ್ಥೆಗೆ ಎರಡೇ ವಾಕ್ಯದ ಉತ್ತರ.

ದಲಿತ ಸದಸ್ಯರಾದ ಮುನಿಸ್ವಾಮಿ ಪಿಳ್ಳೆ, ದಾಕ್ಷಾಯಿಣಿ ವೇಲಾಯುಧನ್ ಮಾತಾಡಿದರು. ಕೆ.ಟಿ. ಶಾ ಒಂದು ತೊಡಕು ಎತ್ತಿದರು: ಈ ಪದಕ್ಕೆ ಅರ್ಥವನ್ನೇ ಬರೆದಿಲ್ಲವಲ್ಲ? ಅರ್ಥ ಬರೆಯದೆಯೇ ವಿಧಿ ಅಂಗೀಕಾರವಾಯಿತು. ಕರಡನ್ನು ಮುಂದೆ ನಿಂತು ನಡೆಸಿದವರು ಬಾಬಾಸಾಹೇಬರು. ಸಭೆಯಲ್ಲಿ ಎದ್ದ ಕೂಗು 'ಮಹಾತ್ಮಾ ಗಾಂಧೀ ಕೀ ಜೈ'.

ಅದೇ ಇಂದಿನ 17ನೇ ವಿಧಿ. ಶಿಕ್ಷೆಯ ಕಾನೂನು ಬಂದದ್ದು 1955ರಲ್ಲಿ. ಅರ್ಥವನ್ನು ಕೋರ್ಟುಗಳೇ ಹುಡುಕಬೇಕಾಯಿತು. ನಮ್ಮ ಮೈಸೂರು ಹೈಕೋರ್ಟು ಆ ಪದಕ್ಕೆ ಹಾಕಿದ ಉದ್ಧರಣ ಚಿಹ್ನೆಯನ್ನೇ ತೋರಿಸಿ, ಇದು ಬರೀ ನಿಘಂಟಿನ ಮಾತಲ್ಲ, ಈ ದೇಶದ ಚರಿತ್ರೆಯಲ್ಲಿ ಬೆಳೆದು ಬಂದ ಆಚರಣೆ ಎಂದಿತು.

ಆ ಚರಿತ್ರೆಯನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೋಟ್ಲಲ್ಲಿ ಬೇರೆ ಇಟ್ಟ ಲೋಟಕ್ಕೆ ಗೊತ್ತು, ಬಾವಿಕಟ್ಟೆಗೆ ಗೊತ್ತು. ದಿಲ್ಲೀಲಿ ಜೈಕಾರ ಹಾಕೋದು ಸುಲಭ. ಪೊಲೀಸ್ ಠಾಣೇಲಿ ದೂರು ಬರೆಸೋದು ಕಷ್ಟ. ಮೇಷ್ಟ್ರೇ, ಗೆಳೆಯರೇ, ಆ ಎರಡು ವಾಕ್ಯಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸೋಣ. ಅರ್ಥವನ್ನು ಕೇರಿಯಿಂದಲೇ ಬರೆಯೋಣ.