ಶ್ರೀರಂಗಪಟ್ಟಣದ ಸೇತುವೆಗೆ ಬಂದ ಒಂದು ಊರ ಹೆಸರು

ಶ್ರೀರಂಗಪಟ್ಟಣದ ಹಳೆಯ ಕಲ್ಲಿನ ಸೇತುವೆಗೆ ವೆಲ್ಲೆಸ್ಲಿ ಸೇತುವೆ ಅಂತ ಹೆಸರು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದದ್ದು. ಹೆಸರು ಇಲ್ಲೇ ಕಾದಾಡಿದ ಆರ್ಥರ್ ವೆಲ್ಲೆಸ್ಲಿಯದು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅಲ್ಲ, ಅವನ ಅಣ್ಣ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯದು.

ವೆಲ್ಲೆಸ್ಲಿ ಮೂಲತಃ ಒಂದು ಊರು. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ವೆಲ್ಸ್ ಪಟ್ಟಣದ ಮಗ್ಗುಲಲ್ಲೇ ವೆಲ್ಲೆಸ್ಲೀ ಇದೆ. ವೆಲ್ಸ್ ಅಂದ್ರೆ ನೀರಿನ ಬುಗ್ಗೆಗಳು. ಕೊನೆಯ 'ಲೀ' ಹಳೆಯ ಇಂಗ್ಲಿಷಿನ 'ಲೇಆಹ್', ಅಂದರೆ ಕಾಡಿನ ನಡುವಿನ ಬಯಲು. ಆ ಊರಿನವರು ಮಧ್ಯಯುಗದಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದರು. ಊರು ಹಿಂದೆ ಉಳಿಯಿತು, ಹೆಸರು ಜೊತೆಗೆ ಹೋಯಿತು. ನಮ್ಮಲ್ಲೂ ವಲಸೆ ಹೋದ ಮನೆತನಗಳು ಬಿಟ್ಟುಬಂದ ಊರನ್ನೇ ಹೆಸರಾಗಿ ಹೊತ್ತುಕೊಂಡದ್ದು ಉಂಟಲ್ಲ, ಹಾಗೇ. ಬರುಬರುತ್ತಾ ಬಾಯಲ್ಲಿ ಸವೆದು ಅದು ವೆಸ್ಲಿ ಆಯಿತು.

ಸ್ವಾರಸ್ಯ ಇರೋದು ಮುಂದೆ. ಮಕ್ಕಳಿಲ್ಲದ ಗ್ಯಾರೆಟ್ ವೆಸ್ಲಿ ಎಂಬ ಜಮೀನುದಾರ ಮೊದಲು ಚಾರ್ಲ್ಸ್ ವೆಸ್ಲಿಯನ್ನು (ಮುಂದೆ ಮೆಥಡಿಸ್ಟರ ಕೀರ್ತನಕಾರನಾದವನು) ವಾರಸುದಾರ ಮಾಡಿಕೊಳ್ಳಲು ನೋಡಿದ, ಅವನು ಒಲ್ಲೆ ಅಂದ ಅನ್ನೋ ಮಾತಿದೆ. ಕೊನೆಗೆ 1728ರಲ್ಲಿ ಆಸ್ತಿ ರಿಚರ್ಡ್ ಕಾಲಿ ಎಂಬ ನಂಟನಿಗೆ ಹೋಯಿತು. ಆಸ್ತಿಯ ಜೊತೆ ಹೆಸರನ್ನೂ ತಗೊಂಡು ಅವನು ವೆಸ್ಲಿಯಾದ. ಈ ಕಾಲಿಯ ಮೊಮ್ಮಕ್ಕಳೇ ನಮ್ಮ ಗವರ್ನರ್ ಜನರಲ್ ಮತ್ತು ಆರ್ಥರ್! ಗಂಡುಸಂತತಿಯ ಲೆಕ್ಕದಲ್ಲಿ ಇವರು ವೆಲ್ಲೆಸ್ಲಿಗಳೇ ಅಲ್ಲ.

ಹಳೆಯ ರೂಪಕ್ಕೆ ಮೊದಲು ಮರಳಿದವನು ಅಣ್ಣ. 1797ರಲ್ಲಿ ಕಲ್ಕತ್ತೆಗೆ ಬಂದಿಳಿದಾಗ ತಮ್ಮ ಇನ್ನೂ ಆರ್ಥರ್ ವೆಸ್ಲಿ. ಅವನ ಸಹಿ ವೆಲ್ಲೆಸ್ಲಿ ಆದದ್ದು 1798ರ ಮೇ ತಿಂಗಳಲ್ಲಿ, ಅಣ್ಣ ಗವರ್ನರ್ ಜನರಲ್ ಆಗಿ ಬಂದ ಹೊತ್ತಿಗೆ. ಮರುವರ್ಷದ ಮೇ ತಿಂಗಳಲ್ಲೇ ಶ್ರೀರಂಗಪಟ್ಟಣ ಬಿತ್ತು. ಅಂದರೆ ಇಲ್ಲಿ ಆಳಿದ ಆ ಹೆಸರಿಗೆ ಆಗ ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಅವನದ್ದೆಂದು ಹೇಳುವ 1797ರ ಕಾಗದದಲ್ಲಿ ವೆಲ್ಲೆಸ್ಲಿ ಅಂತ ಸಹಿ ಕಂಡರೆ ಅನುಮಾನಪಡಲೇಬೇಕು. ಶಾಸನಗಳ ಕಾಲ ಗೊತ್ತುಮಾಡೋವಾಗ ಲಿಪಿ ನೋಡ್ತೀವಲ್ಲ, ಇಲ್ಲಿ ಕಾಗುಣಿತವೇ ಆ ಕೆಲಸ ಮಾಡುತ್ತೆ.

ವಂಶಾವಳಿ ಬರೆಯುವವರು ಇದನ್ನು ಗಮನಿಸಬೇಕು. ಮನೆತನದ ಹೆಸರು ಒಂದೇ ಅಂದ ಮಾತ್ರಕ್ಕೆ ರಕ್ತ ಒಂದೇ ಅಂತಲ್ಲ. ದತ್ತು, ಉಯಿಲು, ಆಸ್ತಿ, ಯಾವುದರಿಂದಲಾದರೂ ಹೆಸರು ಬರಬಹುದು.

1809ರಲ್ಲಿ ಆರ್ಥರ್‌ಗೆ ಬಿರುದು ಕೊಡುವಾಗ ಅವನು ಸ್ಪೇನಿನಲ್ಲಿದ್ದ. ವೆಲ್ಲೆಸ್ಲಿಗೆ ಹತ್ತಿರ ಕೇಳಿಸುತ್ತೆ ಅಂತ ಇನ್ನೊಬ್ಬ ಅಣ್ಣ ವಿಲಿಯಂ ಸಾಮರ್ಸೆಟ್ಟಿನದೇ ಮತ್ತೊಂದು ಊರು ಹುಡುಕಿದ. ಆ ಊರು ವೆಲಿಂಗ್ಟನ್.