ಸ್ಪಿನ್ನಿಂಗ್ ರೀಲಿನ ಗಾಳದ ದಾರ

ಸ್ಪಿನ್ನಿಂಗ್ ರೀಲಿನ ಗಾಳದ ದಾರ ಎಂದರೆ ಸ್ಥಿರ ಸ್ಪೂಲ್ ಉಳ್ಳ ರೀಲಿಗೆ ಸುತ್ತಿ, ಗಾಳದ ಕೋಲಿನ ಉಂಗುರಗಳ ಮೂಲಕ ಹಾಯಿಸಿ, ತುದಿಗೆ ಗಾಳವನ್ನೋ ಕೃತಕ ಎರೆಯನ್ನೋ ಕಟ್ಟಿ ಬಳಸುವ ದಾರ. ಇಂದು ಬಳಕೆಯಲ್ಲಿರುವ ಇಂತಹ ದಾರಗಳಲ್ಲಿ ಎರಡು ಬಗೆಗಳು ಮುಖ್ಯವಾಗಿವೆ. ಒಂದೇ ಎಳೆಯಿಂದ ಆದ ಮಾನೊಫಿಲಮೆಂಟ್ ಅಥವಾ ಏಕತಂತು ದಾರ ಮೊದಲನೆಯದು. ಹಲವು ಸೂಕ್ಷ್ಮ ಎಳೆಗಳನ್ನು ಜಡೆಯಂತೆ ಹೆಣೆದು ಮಾಡಿದ ಬ್ರೇಡ್ ಅಥವಾ ಹೆಣೆದ ದಾರ ಎರಡನೆಯದು. ಹಿಗ್ಗುವಿಕೆ, ದಪ್ಪ, ಸವೆತವನ್ನು ತಾಳುವ ಶಕ್ತಿ, ಗಂಟು ನಿಲ್ಲುವ ಗುಣ ಮತ್ತು ಬೆಲೆಗಳಲ್ಲಿ ಇವೆರಡೂ ಭಿನ್ನವಾಗಿರುವುದರಿಂದ, ನೀರಿನ ಸ್ವರೂಪ ಮತ್ತು ಹಿಡಿಯಬೇಕಾದ ಮೀನನ್ನು ಗಮನಿಸಿ ದಾರವನ್ನು ಆರಿಸಲಾಗುತ್ತದೆ.

ಇತಿಹಾಸ

ಕೃತಕ ನಾರುಗಳು ಬರುವ ಮೊದಲು ಗಾಳದ ದಾರಗಳನ್ನು ಕುದುರೆಯ ಬಾಲದ ಕೂದಲು, ರೇಷ್ಮೆ, ಅಗಸೆನಾರು ಮತ್ತು ಹತ್ತಿಯಿಂದ ಮಾಡಲಾಗುತ್ತಿತ್ತು. ಇವುಗಳಲ್ಲಿ ಹಲವನ್ನು ಬಳಸಿದ ಬಳಿಕ ಒಣಗಿಸದಿದ್ದರೆ ಅವು ಕೊಳೆತು ಬಲ ಕಳೆದುಕೊಳ್ಳುತ್ತಿದ್ದವು. ಇಂಗ್ಲೆಂಡಿನ ಜವಳಿ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಸ್ಥಿರ ಸ್ಪೂಲಿನ ರೀಲಿಗೆ ಹಕ್ಕುಸ್ವಾಮ್ಯ ಪಡೆದನು. ಗಿರಣಿಯ ಕದಿರಿನ ತುದಿಯಿಂದ ನೂಲು ಬಿಚ್ಚಿಕೊಳ್ಳುವ ರೀತಿಯೇ ಈ ರಚನೆಗೆ ಪ್ರೇರಣೆಯಾಗಿತ್ತು.

ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕರೋದರ್ಸ್ ನೇತೃತ್ವದ ತಂಡ 1935ರಲ್ಲಿ ನೈಲಾನನ್ನು ತಯಾರಿಸಿತು. 1938ರಲ್ಲಿ ಅದನ್ನು ಸಾರ್ವಜನಿಕವಾಗಿ ಪ್ರಕಟಿಸಲಾಯಿತು. ನೈಲಾನಿನ ಏಕತಂತು ದಾರ ಕಾಲಕ್ರಮದಲ್ಲಿ ತೆಳುವಾಗಿ, ಉದ್ದಕ್ಕೂ ಸಮನಾದ ದಪ್ಪದಿಂದ ದೊರೆಯತೊಡಗಿದಾಗ ಸ್ಪಿನ್ನಿಂಗ್ ರೀಲುಗಳ ಬಳಕೆ ವ್ಯಾಪಕವಾಯಿತು. ಅತ್ಯುಚ್ಚ ಅಣುತೂಕದ ಪಾಲಿಎಥಿಲೀನಿನಿಂದ ನಾರು ತೆಗೆಯುವ ಜೆಲ್ ನೂಲುವ ವಿಧಾನ ನೆದರ್ಲೆಂಡ್ಸ್‌ನ ಡಿಎಸ್ಎಂ ಸಂಸ್ಥೆಯಲ್ಲಿ ರೂಪುಗೊಂಡಿತು. ಈ ನಾರು ಡೈನೀಮಾ ಮತ್ತು ಸ್ಪೆಕ್ಟ್ರಾ ಎಂಬ ವ್ಯಾಪಾರನಾಮಗಳಿಂದ ಪ್ರಸಿದ್ಧವಾಗಿದೆ. ಅದರಿಂದ ಹೆಣೆದ ಗಾಳದ ದಾರಗಳು 1990ರ ದಶಕದಲ್ಲಿ ಜನಪ್ರಿಯವಾದವು.

ರೀಲಿನ ರಚನೆ ಮತ್ತು ದಾರ

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ತಿರುಗುವುದಿಲ್ಲ. ದಾರವು ಸ್ಪೂಲಿನ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಹೊರಬೀಳುತ್ತದೆ. ಹಿಂದಕ್ಕೆ ಸುತ್ತುವಾಗ ಬೇಲ್ ಎಂಬ ತಂತಿಯ ಬಾಗು ಸ್ಪೂಲಿನ ಸುತ್ತ ತಿರುಗಿ ದಾರವನ್ನು ಅದರ ಮೇಲೆ ಹಾಕುತ್ತದೆ. ಆದ್ದರಿಂದ ಮೆದುವಾದ, ಸುರುಳಿಯ ಆಕಾರವನ್ನು ಉಳಿಸಿಕೊಳ್ಳದ ದಾರ ಈ ರೀಲಿಗೆ ಹೆಚ್ಚು ಹೊಂದುತ್ತದೆ. ಗಡುಸಾದ ದಪ್ಪ ದಾರ ಉಂಗುರಗಳಿಗೆ ಬಡಿಯುತ್ತ ಸಾಗುವುದರಿಂದ ಎಸೆತದ ದೂರ ಕಡಿಮೆಯಾಗುತ್ತದೆ.

ದಾರ ತಿರುಚಿಕೊಳ್ಳುವುದು ಈ ರೀಲಿನ ಸಾಮಾನ್ಯ ತೊಂದರೆ. ಮೀನು ದಾರವನ್ನು ಎಳೆದೊಯ್ಯುತ್ತಿರುವಾಗ ಹಿಡಿಕೆಯನ್ನು ತಿರುಗಿಸುತ್ತಲೇ ಇದ್ದರೆ ದಾರ ಒಳಗೆ ಬರುವುದಿಲ್ಲ. ಬೇಲ್ ತಿರುಗಿದಷ್ಟು ಸಲ ದಾರ ತಿರುಚಿಕೊಳ್ಳುತ್ತದೆ. ಇದು ಎರಡೂ ಬಗೆಯ ದಾರಗಳಿಗೆ ಅನ್ವಯಿಸುತ್ತದೆ.

ಏಕತಂತು ದಾರ

ಕರಗಿಸಿದ ನೈಲಾನನ್ನು ಸಣ್ಣ ರಂಧ್ರದ ಮೂಲಕ ಒತ್ತಿ, ತಣಿಸಿ, ಎಳೆದು ಈ ದಾರವನ್ನು ತಯಾರಿಸುತ್ತಾರೆ. ಆಡುಮಾತಿನಲ್ಲಿ ಇದಕ್ಕೆ ತಂಗೂಸಿ ಎಂಬ ಹೆಸರೂ ಇದೆ. ನೈಲಾನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.14 ಗ್ರಾಂ ಇರುವುದರಿಂದ ದಾರವು ನೀರಿನಲ್ಲಿ ನಿಧಾನವಾಗಿ ಮುಳುಗುತ್ತದೆ.

ಹಿಗ್ಗುವುದು ಇದರ ಪ್ರಧಾನ ಗುಣ. ತುಂಡಾಗುವ ಮೊದಲು ಇದು ತನ್ನ ಉದ್ದದ ಐದನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಹಿಗ್ಗಬಲ್ಲದು. ದಡದ ಬಳಿ ಮೀನು ಒಮ್ಮೆಲೇ ಎಳೆದಾಗ ಈ ಹಿಗ್ಗುವಿಕೆ ಆಘಾತವನ್ನು ಹೀರಿಕೊಳ್ಳುತ್ತದೆ. ಇದರಿಂದ ಮೀನಿನ ಬಾಯಿ ಹರಿದು ಗಾಳ ಕಳಚುವ ಸಂಭವ ಕಡಿಮೆ. ಆದರೆ ದೂರದಲ್ಲಿ ಅಥವಾ ಆಳದಲ್ಲಿ ಮೀನು ಕಚ್ಚಿದುದು ಕೈಗೆ ಸ್ಪಷ್ಟವಾಗಿ ತಿಳಿಯದಿರುವುದಕ್ಕೂ, ಗಾಳ ಸರಿಯಾಗಿ ನಾಟದಿರುವುದಕ್ಕೂ ಇದೇ ಗುಣ ಕಾರಣವಾಗುತ್ತದೆ.

ಈ ದಾರ ನೀರನ್ನು ಹೀರಿ ಸ್ವಲ್ಪ ಮೆದುವಾಗುತ್ತದೆ. ಒದ್ದೆಯಾದಾಗ ಅದರ ಬಲವೂ ಕೊಂಚ ಇಳಿಯುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಶಿಥಿಲಗೊಳ್ಳುತ್ತದೆ. ಬಹುಕಾಲ ಸ್ಪೂಲಿನಲ್ಲಿದ್ದರೆ ಸುರುಳಿಯ ಆಕಾರ ಅದರಲ್ಲಿ ನಿಂತುಬಿಡುತ್ತದೆ. ಈ ಕಾರಣಗಳಿಂದ ಇದನ್ನು ಆಗಾಗ ಬದಲಿಸಬೇಕಾಗುತ್ತದೆ. ಆದರೆ ಬೆಲೆ ಕಡಿಮೆ, ಗಂಟು ಹಾಕುವುದು ಸುಲಭ ಮತ್ತು ಪಾರದರ್ಶಕವಾಗಿರುವುದರಿಂದ ತಿಳಿನೀರಿನಲ್ಲಿ ಎದ್ದು ಕಾಣುವುದಿಲ್ಲ.

ಹೆಣೆದ ದಾರ

ಸಾಮಾನ್ಯವಾಗಿ 4 ಅಥವಾ 8 ಎಳೆಗಳನ್ನು ಹೆಣೆದು ಈ ದಾರವನ್ನು ಮಾಡುತ್ತಾರೆ. 8 ಎಳೆಯ ದಾರ ಹೆಚ್ಚು ದುಂಡಗೆ, ನುಣುಪಾಗಿ ಇದ್ದು ಉಂಗುರಗಳಲ್ಲಿ ಸದ್ದಿಲ್ಲದೆ ಸಾಗುತ್ತದೆ. 4 ಎಳೆಯ ದಾರ ಒರಟು. ಆದರೆ ಅದರ ಒಂದೊಂದು ಎಳೆಯೂ ದಪ್ಪವಾಗಿರುವುದರಿಂದ ಉಜ್ಜುವಿಕೆಯನ್ನು ಸ್ವಲ್ಪ ಹೆಚ್ಚು ತಾಳುತ್ತದೆ.

ದಪ್ಪಕ್ಕೆ ಹೋಲಿಸಿದರೆ ಬಲ ಬಹಳ ಹೆಚ್ಚು ಎಂಬುದು ಇದರ ಮುಖ್ಯ ಅನುಕೂಲ. 30 ಪೌಂಡ್, ಅಂದರೆ ಸುಮಾರು 13.6 ಕಿಲೋಗ್ರಾಂ ಬಲದ ಹೆಣೆದ ದಾರವು ಸಾಮಾನ್ಯವಾಗಿ 8 ಪೌಂಡ್, ಅಂದರೆ ಸುಮಾರು 3.6 ಕಿಲೋಗ್ರಾಂ ಬಲದ ಏಕತಂತು ದಾರದಷ್ಟೇ ದಪ್ಪವಿರುತ್ತದೆ. ಆದ್ದರಿಂದ ಸಣ್ಣ ರೀಲಿನಲ್ಲಿಯೂ ಹೆಚ್ಚು ಉದ್ದದ ದಾರ ಹಿಡಿಸುತ್ತದೆ. ಹಿಗ್ಗುವಿಕೆ ಕೆಲವೇ ಶೇಕಡಾ ಇರುವುದರಿಂದ ಮೀನಿನ ಸಣ್ಣ ಸ್ಪರ್ಶವೂ ಕೋಲಿನವರೆಗೆ ತಲುಪುತ್ತದೆ. ಸಾಂದ್ರತೆ ಸುಮಾರು 0.97 ಗ್ರಾಂ ಆಗಿರುವುದರಿಂದ ಇದು ತೇಲುತ್ತದೆ. ನೀರು ನಾರಿನೊಳಗೆ ಇಳಿಯುವುದಿಲ್ಲವಾದರೂ ಎಳೆಗಳ ನಡುವೆ ನಿಲ್ಲುತ್ತದೆ.

ಪಾಲಿಎಥಿಲೀನ್ ಬಣ್ಣವನ್ನು ಸುಲಭವಾಗಿ ಹಿಡಿಯುವುದಿಲ್ಲ; ಆದ್ದರಿಂದ ಬಳಸುತ್ತ ಹೋದಂತೆ ದಾರ ಮಾಸುತ್ತದೆ. ಇದು ಅಪಾರದರ್ಶಕವಾಗಿದ್ದು ತಿಳಿನೀರಿನಲ್ಲಿ ಕಾಣುತ್ತದೆ. ಬಂಡೆಯ ಅಂಚಿಗೆ ಬಿಗಿಯಾಗಿ ಉಜ್ಜಿದರೆ ತೆಳುವಾದ ಎಳೆಗಳು ಒಂದೊಂದಾಗಿ ಕತ್ತರಿಸಿಹೋಗುತ್ತವೆ. ಮೇಲ್ಮೈ ಜಾರುವಂತಿರುವುದರಿಂದ ಏಕತಂತು ದಾರಕ್ಕೆ ಹಾಕುವ ಕೆಲವು ಗಂಟುಗಳು ಇದರಲ್ಲಿ ಕಳಚಿಕೊಳ್ಳುತ್ತವೆ. ಪಾಲೊಮಾರ್ ಗಂಟು ಎರಡೂ ಬಗೆಯ ದಾರಗಳಿಗೆ ಸಲ್ಲುತ್ತದೆ. ಗಂಟನ್ನು ಬಿಗಿಯುವ ಮೊದಲು ಒದ್ದೆ ಮಾಡದಿದ್ದರೆ ಘರ್ಷಣೆಯ ಬಿಸಿಯಿಂದ ದಾರ ದುರ್ಬಲವಾಗುತ್ತದೆ.

ಆಯ್ಕೆಯ ಮಾನದಂಡಗಳು

ಜೊಂಡು ಮತ್ತು ನೀರುಗಿಡಗಳ ನಡುವೆ ಹೆಣೆದ ದಾರ ಅನುಕೂಲಕರ; ಅದು ಎಲೆಕಾಂಡಗಳನ್ನು ಕೊಯ್ದುಕೊಂಡು ಬರುತ್ತದೆ. ಆಳದ ನೀರಿನಲ್ಲಿ, ದೂರದ ಎಸೆತದಲ್ಲಿ ಮತ್ತು ಕಚ್ಚುವಿಕೆಯನ್ನು ಬೆರಳಿನಿಂದ ಗುರುತಿಸಬೇಕಾದಲ್ಲಿ ಸಹ ಇದನ್ನೇ ಆರಿಸುತ್ತಾರೆ. ಆದರೆ ಹಗುರವಾಗಿರುವುದರಿಂದ ಗಾಳಿಯಲ್ಲಿ ಇದು ಬಿಲ್ಲಿನಂತೆ ಬಾಗುತ್ತದೆ.

ಕಲ್ಲುಬಂಡೆಗಳ ನದಿಪಾತ್ರ, ತಿಳಿನೀರು, ತೇಲುಬೆಂಡಿನ ಮೀನುಗಾರಿಕೆ ಹಾಗೂ ಹಲವು ಕೊಂಡಿಗಳ ಗಾಳವುಳ್ಳ ಕೃತಕ ಎರೆಗಳಿಗೆ ಏಕತಂತು ದಾರ ಹೊಂದುತ್ತದೆ. ಸಿಕ್ಕು ಬಿಡಿಸುವುದು ಸುಲಭವಾದ್ದರಿಂದ ಹೊಸದಾಗಿ ಕಲಿಯುವವರಿಗೂ ಇದು ಉಪಯುಕ್ತ.

ಎರಡರ ಗುಣಗಳನ್ನೂ ಪಡೆಯಲು ಹೆಣೆದ ದಾರದ ತುದಿಗೆ ಏಕತಂತು ನೈಲಾನ್ ಅಥವಾ ಫ್ಲೂರೊಕಾರ್ಬನ್ ದಾರದ ತುಂಡೊಂದನ್ನು ಜೋಡಿಸುವುದುಂಟು. ಇದನ್ನು ಲೀಡರ್ ಎನ್ನುತ್ತಾರೆ. ಫ್ಲೂರೊಕಾರ್ಬನಿನ ವಕ್ರೀಭವನಾಂಕ ಸುಮಾರು 1.42, ಇದು ನೈಲಾನಿನದಕ್ಕಿಂತ ನೀರಿನ 1.33ಕ್ಕೆ ಹತ್ತಿರವಾಗಿರುವುದರಿಂದ ನೀರಿನಲ್ಲಿ ಕಡಿಮೆ ಗೋಚರಿಸುತ್ತದೆ. ಜೋಡಣೆಗೆ ಜೋಡಿ ಯೂನಿ ಅಥವಾ ಎಫ್‌ಜಿ ಗಂಟುಗಳನ್ನು ಬಳಸಲಾಗುತ್ತದೆ.

ಸ್ಪೂಲಿಗೆ ಸುತ್ತುವ ಕ್ರಮ

ನಯವಾದ ಲೋಹದ ಸ್ಪೂಲಿನ ಮೇಲೆ ಹೆಣೆದ ದಾರವನ್ನು ನೇರವಾಗಿ ಸುತ್ತಿದರೆ ಇಡೀ ಸುತ್ತು ಜಾರಿ ತಿರುಗಬಹುದು. ಆದ್ದರಿಂದ ಅಡಿಯಲ್ಲಿ ಕೆಲವು ಸುತ್ತು ಏಕತಂತು ದಾರವನ್ನು ಹಾಕುತ್ತಾರೆ. ಹೆಣೆದ ದಾರವನ್ನು ಬಿಗಿಯಾಗಿ ಸುತ್ತಬೇಕು. ಸಡಿಲವಾಗಿದ್ದರೆ ಮೇಲಿನ ಸುತ್ತು ಕೆಳಗಿನ ಸುತ್ತುಗಳೊಳಗೆ ಹೂತುಹೋಗುತ್ತದೆ ಅಥವಾ ಮುಂದಿನ ಎಸೆತದಲ್ಲಿ ಹಲವು ಸುತ್ತುಗಳು ಒಟ್ಟಿಗೆ ಹೊರಬಂದು ಸಿಕ್ಕಾಗುತ್ತವೆ. ಎಸೆದ ಬಳಿಕ ಬೇಲನ್ನು ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬಿಗಿಗೊಳಿಸಿ ಸುತ್ತತೊಡಗಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಅಂಚಿನಿಂದ ಸುಮಾರು 2–3 ಮಿಲಿಮೀಟರ್ ಬಿಟ್ಟು ತುಂಬುವುದು ರೂಢಿ.

ದಾರ ತುಂಡಾಗುವ ಮೊದಲೇ ಸ್ಪೂಲ್ ಜಾರಿ ದಾರ ಬಿಡುವಂತೆ ಮಾಡುವ ಭಾಗವೇ ಡ್ರ್ಯಾಗ್. ಇದನ್ನು ಇಡೀ ಸಲಕರಣೆಯ ಅತ್ಯಂತ ದುರ್ಬಲ ಭಾಗಕ್ಕೆ ಅನುಗುಣವಾಗಿ ಹೊಂದಿಸಬೇಕು. ಹಗುರ ಕೋಲಿಗೆ 30 ಪೌಂಡಿನ ಹೆಣೆದ ದಾರ ಹಾಕಿ, ದಾರದ ಬಲವನ್ನೇ ಲೆಕ್ಕಕ್ಕೆ ಹಿಡಿದು ಡ್ರ್ಯಾಗ್ ಬಿಗಿಮಾಡಿದರೆ ಕೋಲು ಮುರಿಯಬಹುದು, ಗಾಳ ನೇರವಾಗಬಹುದು.

ಸುರಕ್ಷತೆ ಮತ್ತು ಪರಿಸರ

ಬಿಗಿಯಾದ ಹೆಣೆದ ದಾರ ಚರ್ಮವನ್ನು ಆಳವಾಗಿ ಕೊಯ್ಯಬಲ್ಲದು. ಬಂಡೆಗೆ ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ದಾರವನ್ನು ಬರಿಗೈಗೆ ಸುತ್ತಿ ಎಳೆಯಬಾರದು. ಮರದ ತುಂಡಿಗೆ ಸುತ್ತಿ ಎಳೆಯುವುದು ಸುರಕ್ಷಿತ. ಲೀಡರಿನ ಬಲ ಮುಖ್ಯ ದಾರಕ್ಕಿಂತ ಕಡಿಮೆಯಿದ್ದರೆ ತುಂಡಾಗುವುದು ಸಾಮಾನ್ಯವಾಗಿ ತುದಿಯಲ್ಲಿ. ಇದರಿಂದ ನೀರಿನಲ್ಲಿ ಉಳಿಯುವ ದಾರದ ಉದ್ದ ಕಡಿಮೆಯಾಗುತ್ತದೆ. ನೈಲಾನ್ ಮತ್ತು ಪಾಲಿಎಥಿಲೀನ್ ಎರಡೂ ಬೇಗನೆ ಕೊಳೆಯುವುದಿಲ್ಲ. ಬಿಸಾಡಿದ ದಾರಕ್ಕೆ ನೀರುಹಕ್ಕಿಗಳು ಮತ್ತು ಆಮೆಗಳು ಸಿಕ್ಕಿ ಸಾಯುವುದರಿಂದ ಹಳೆಯ ದಾರವನ್ನು ದಡದಲ್ಲಿ ಬಿಡದೆ ಹಿಂದಕ್ಕೆ ಕೊಂಡೊಯ್ಯಬೇಕು.

ಕರ್ನಾಟಕದ ಕಾವೇರಿ ಮತ್ತು ಅದರ ಉಪನದಿಗಳು ಮಹಶೀರ್ ಮೀನಿನ ಗಾಳಕ್ಕೆ ಹೆಸರಾಗಿದ್ದವು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ದಾಖಲೆಯಾಗಿ ಪ್ರಸಿದ್ಧವಾಗಿದೆ. ಬಂಡೆಗಳಿಂದ ತುಂಬಿದ ಇಂತಹ ನದಿಗಳಲ್ಲಿ ಸವೆತ ತಾಳುವ ದಪ್ಪ ಏಕತಂತು ದಾರ ಬಳಕೆಯಲ್ಲಿತ್ತು. ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ ಡುಬ್ಬದ ಮಹಶೀರನ್ನು 2018ರಲ್ಲಿ ಟಾರ್ ರೆಮಾದೇವಿ ಪ್ರಭೇದವೆಂದು ಗುರುತಿಸಿ, ಅಳಿವಿನ ತೀವ್ರ ಅಪಾಯದಲ್ಲಿರುವ ಮೀನುಗಳ ಪಟ್ಟಿಗೆ ಸೇರಿಸಲಾಯಿತು. ಹಿಡಿದು ಬಿಡುವ ಪದ್ಧತಿಯಲ್ಲಿ ದಾರದ ಆಯ್ಕೆಗೆ ಹೆಚ್ಚಿನ ಮಹತ್ತ್ವವಿದೆ. ದಾರ ತೀರಾ ದುರ್ಬಲವಾಗಿದ್ದರೆ ಮೀನು ದೀರ್ಘಕಾಲ ಸೆಣಸಿ ಬಳಲುತ್ತದೆ, ಇಲ್ಲವೇ ಬಾಯಲ್ಲಿ ಗಾಳವನ್ನೂ ಬೆನ್ನಹಿಂದೆ ದಾರವನ್ನೂ ಎಳೆದುಕೊಂಡು ಹೋಗುತ್ತದೆ. ಅಂತಹ ದಾರ ಬಂಡೆಗೆ ಸುತ್ತಿಕೊಂಡರೆ ತಪ್ಪಿಸಿಕೊಂಡ ಮೀನೂ ಬದುಕುವುದಿಲ್ಲ.